ಮೃದಂಗ ಹೊತ್ತು ಚೆನ್ನೈಗೆ ಹೋಗುವವರಿಗೆ

(ಮೈಸೂರಿನಲ್ಲಿ ಸಂಗೀತ ಕಲಿಯುವ ಹುಡುಗರು ಮತ್ತು ಕಛೇರಿ ನಡೆಸುವವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳು. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಚೆನ್ನೈಯಲ್ಲಿ ಕಛೇರಿ ಅಂದ ಕೂಡಲೇ ಜನ ಕೇಳುವುದು ಯಾವ ಸಭಾ (ಅಂದರೆ ಕಛೇರಿ ನಡೆಸುವ ಸಂಘ), ಯಾರಿಗೆ ಪಕ್ಕವಾದ್ಯ, ಎಷ್ಟು ಗಂಟೆಗೆ ಅಂತ. ಅಲ್ಲಿನ ಗಾಳಿ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಮೃದಂಗ ನುಡಿಸುವ ನನಗೆ ಮೊದಲು ಬೇಕಾಗಿರುವುದು ಅದೇ. ಹಾಗಾಗಿ ಇವತ್ತು ತಾಳದ ಲೆಕ್ಕಾಚಾರ, ಮುಕ್ತಾಯದ ಕೋರ್ವೆ, ತಾಳವಾದ್ಯದವರೇ ನುಡಿಸುವ ತನಿ ಯಾವುದೂ ಬೇಡ. ಬೆವರು, ಬಿಸಿಲು, ಎ.ಸಿ. ಬಗ್ಗೆ ಮಾತಾಡೋಣ. ಬೇರೆ ಊರಿಂದ ಬಂದ ವಾದ್ಯಕ್ಕೆ ಆ ಊರು ಒಗ್ಗಲು ಹೊತ್ತು ಬೇಕು. ಆ ಹೊತ್ತನ್ನು ನಾವು ಬಾಯಿಬಿಟ್ಟು ಕೇಳಬೇಕು, ಕರೆಸುವವರು ಕೊಡಬೇಕು. ನಾನು ಹೇಳಬೇಕು ಅಂತ ಬಂದಿರುವುದು ಇಷ್ಟು.

ಮೈಸೂರು ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಮೇಲಿದೆ. ಚೆನ್ನೈ ಕಡಲ ಪಕ್ಕದಲ್ಲೇ ಇದೆ. ನಮ್ಮಲ್ಲಿ ಏಪ್ರಿಲ್ ಬಿಸಿಲು ಎಷ್ಟೇ ಚುರುಕಾಗಿದ್ದರೂ ಮರದ ನೆರಳಿಗೆ ಬಂದು ನಿಂತರೆ ಮೈ ಆರುತ್ತದೆ. ಅಲ್ಲಿ ನೆರಳಿಗೆ ಬಂದರೂ ಬೆವರು ಹರೀತಾನೇ ಇರುತ್ತದೆ, ಯಾಕೆಂದರೆ ಗಾಳಿಯಲ್ಲೇ ನೀರಿದೆ. ಮನುಷ್ಯನ ಮೈ ಇದಕ್ಕೆ ಹೇಗೋ ಹೊಂದಿಕೊಳ್ಳುತ್ತದೆ. ಮೃದಂಗದ ಎರಡು ಬದಿಗೆ ಬಿಗಿದ ಮುಚ್ಚಿಗೆಯೂ ಚರ್ಮವೇ ಅಲ್ವಾ? ಗಾಳಿಯ ತೇವ ಕುಡಿದರೆ ಅದು ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಒಣ ಗಾಳಿ ತಗುಲಿದರೆ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಬಲಮುಚ್ಚಿಗೆಯಲ್ಲಿ ಒಂದರ ಮೇಲೊಂದು ಪದರ, ಮೇಕೆ ಚರ್ಮ ಬೇರೆ, ದನದ ಚರ್ಮ ಬೇರೆ, ಮಧ್ಯದಲ್ಲಿ ಕರಣೆ ಅನ್ನುವ ಕಪ್ಪು ಲೇಪ. ಇವೆಲ್ಲ ಒಂದೇ ಹದದಲ್ಲಿ ತೇವ ಕುಡಿಯುವುದಿಲ್ಲ, ಒಂದೇ ಹದದಲ್ಲಿ ಒಣಗುವುದೂ ಇಲ್ಲ. ಹಾಗಾಗಿ ಊರು ಬದಲಾದಾಗ ಶ್ರುತಿ ಒಟ್ಟಾರೆ ಏರುವುದು ಇಳಿಯುವುದು ಒಂದು ತಾಪತ್ರಯ ಆದರೆ, ಮುಚ್ಚಿಗೆಯ ಒಂದು ಕಡೆ ಒಂದು ಶ್ರುತಿ, ಇನ್ನೊಂದು ಕಡೆ ಇನ್ನೊಂದು ಶ್ರುತಿ ಮಾತಾಡುವುದು ಅದಕ್ಕಿಂತ ದೊಡ್ಡ ತಾಪತ್ರಯ. ಸುತ್ತ ಒಂದೊಂದೇ ಕಡೆ ತಟ್ಟಿ, ಕೇಳಿ, ಕಲ್ಲಿನಿಂದ ಏಟು ಕೊಟ್ಟು ಸರಿಮಾಡಬೇಕು. ಮುಚ್ಚಿಗೆ ಕಡೆಯಿಂದ ಅಂಚಿನ ಹೆಣಿಗೆಗೆ ಏಟು ಕೊಟ್ಟರೆ ಏರುತ್ತದೆ, ಉದ್ದಕ್ಕೆ ಎಳೆದ ಚರ್ಮದ ಬಾರಿನ ಕಡೆಯಿಂದ ಕೊಟ್ಟರೆ ಇಳಿಯುತ್ತದೆ. ಇದು ಅವಸರದಲ್ಲಿ ಆಗುವ ಕೆಲಸ ಅಲ್ಲ.

ಹೋಗುವ ದಾರಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಊರಿನ ಎಷ್ಟೋ ಕಲಾವಿದರು ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದವರು. ಈಗ ಶತಾಬ್ದಿ ಇದೆ, 2022ರ ನವೆಂಬರಿನಿಂದ ವಂದೇ ಭಾರತ್ ಇದೆ. ಹಗಲು ಹೋಗಿ ಸಂಜೆ ನುಡಿಸಿಬಿಡಬಹುದು ಅಂತ ಹುಡುಗರಿಗೆ ಖುಷಿ. ನನ್ನ ಕೇಳಿದರೆ ರಾತ್ರಿ ರೈಲೇ ವಾಸಿ. ಬೆಳಗ್ಗೆ ಇಳಿದರೆ ಇಡೀ ದಿನ ಮೃದಂಗ ಆ ಊರಿನ ಗಾಳಿಯಲ್ಲಿ ಇರುತ್ತದೆ, ಸಂಜೆ ಹೊತ್ತಿಗೆ ಅದು ಏನು ಮಾಡುತ್ತದೆ ಅಂತ ನಮಗೆ ಗೊತ್ತಿರುತ್ತದೆ. ಕೋಣೆಗೆ ಹೋದ ಕೂಡಲೇ ಚೀಲ ಬಿಚ್ಚಿ, ಎ.ಸಿ. ಹಾಕದೆ, ಫ್ಯಾನಿನ ಕೆಳಗೂ ಇಡದೆ, ಸುಮ್ನೆ ಒಂದು ಮೂಲೆಯಲ್ಲಿ ಬಿಟ್ಟುಬಿಡಿ. ಮಧ್ಯಾಹ್ನದವರೆಗೂ ಕಲ್ಲು ಮುಟ್ಟಬೇಡಿ. ಬೆಳಗ್ಗೆ ಇಳಿದುಹೋದ ಶ್ರುತಿ ನೋಡಿ ಗಾಬರಿಯಾಗಿ ಏಟಿನ ಮೇಲೆ ಏಟು ಕೊಟ್ಟು ಏರಿಸಿದರೆ, ಸಂಜೆ ಎ.ಸಿ. ಸಭಾಂಗಣದಲ್ಲಿ ಅದು ಇನ್ನೂ ಏರಿ ಕೈಗೆ ಸಿಗುವುದಿಲ್ಲ.

ಆಟೋದಲ್ಲಿ ಹೋಗುವಾಗ ಒಂದು ಮಾತು ನೆನಪಿಡಿ. ಹಿಂದಿನ ಸೀಟಿನ ಬೆನ್ನಿಗೆ ಸಾಮಾನು ಇಡುವ ಜಾಗ ಇರುತ್ತದಲ್ಲ, ಅದರ ಕೆಳಗೇ ಎಂಜಿನ್. ಸೆಂಟ್ರಲ್‌ನಿಂದ ಅಣ್ಣಾ ಸಾಲೈ, ರಾಯಪೇಟೆ ದಾಟಿ ಲಸ್ ಕಾರ್ನರ್ ಮುಟ್ಟುವಷ್ಟರಲ್ಲಿ, ಸಿಗ್ನಲ್‌ನಲ್ಲಿ ನಿಂತು ನಿಂತು, ಆ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಮೃದಂಗವನ್ನು ಅಲ್ಲಿ ಇಡಬೇಡಿ. ತೊಡೆ ಮೇಲೆ ಅಡ್ಡ ಇಟ್ಟುಕೊಳ್ಳಿ, ಕಾಲು ನೋಯಲಿ ಪರವಾಗಿಲ್ಲ. ಪಿಟೀಲಿನವರು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋಗಬಾರದು. ಒಳಗಿನ ಕಾವಿಗೆ ಅಂಟು ಮೆದುವಾಗಿ ಹಲಗೆ ಬಿಟ್ಟುಕೊಳ್ಳುತ್ತದೆ.

ಡಿಸೆಂಬರಿನ ಸಂಗೀತ ಸೀಸನ್‌ನಲ್ಲಿ ಹೋದವರಿಗೆ ಈ ಮಾತೆಲ್ಲ ಜಾಸ್ತಿಯಾಯಿತು ಅನಿಸಬಹುದು. ಮಾರ್ಗಳಿ ತಿಂಗಳಿನ ಚೆನ್ನೈ ಹಿತವಾಗಿರುತ್ತದೆ, ಬೆಳಗ್ಗೆ ತಣ್ಣನೆ ಗಾಳಿ, ಸಂಜೆ ಸಭಾ ಕ್ಯಾಂಟೀನು, ಒಂದು ಸಭಾದಿಂದ ಇನ್ನೊಂದಕ್ಕೆ ಓಡುವ ರಸಿಕರು. ಆದರೆ ಅಲ್ಲಿ ಸಂಗೀತ ನಡೆಯುವುದು ಆ ತಿಂಗಳು ಮಾತ್ರ ಅಲ್ಲ. ಎಷ್ಟೋ ಸಭಾಗಳಲ್ಲಿ ವರ್ಷವಿಡೀ ಕಛೇರಿ ಇರುತ್ತದೆ. ಪಂಗುನಿ ತಿಂಗಳಿನಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಮೈಲಾಪುರದ ಕಪಾಲೀಶ್ವರನ ಉತ್ಸವ, ಗುಡಿ ಸುತ್ತಲಿನ ಮಾಡ ಬೀದಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾಮನವಮಿ ಬರುತ್ತದೆ. ಮೇ ತಿಂಗಳಿನಲ್ಲಿ ಅಗ್ನಿ ನಕ್ಷತ್ರದ ಕಡು ಬಿಸಿಲು, ಮದುವೆ ಆರತಕ್ಷತೆಗಳು. 2003ರ ಮೇ 31ರಂದು ಆ ಊರಿನಲ್ಲಿ 45 ಡಿಗ್ರಿ ಮುಟ್ಟಿತ್ತು. ಸಾಮಾನ್ಯವಾಗಿ ಮಧ್ಯಾಹ್ನ ಕಡಲ ಗಾಳಿ ಬೀಸಲು ಶುರುವಾದರೆ ಊರು ಸ್ವಲ್ಪ ಉಸಿರಾಡುತ್ತದೆ. ಗಾಳಿ ಬರುವುದು ತಡವಾದ ದಿನ ಕಾವು ಏರುತ್ತಲೇ ಹೋಗುತ್ತದೆ. ಅಲ್ಲಿನ ಮೃದಂಗದವರಿಗೆ ಇದು ಚೆನ್ನಾಗಿ ಗೊತ್ತು. ಗಾಳಿ ಬಂತಾ ಅಂತ ಕಿಟಕಿ ಹತ್ತಿರ ನಿಂತು ನೋಡಿ, ಆಮೇಲೆ ಕಲ್ಲು ಎತ್ತುತ್ತಾರೆ. ಕಡಲ ಗಾಳಿ ತಂಪು ತರುತ್ತದೆ, ಜೊತೆಗೆ ತೇವವನ್ನೂ ತರುತ್ತದೆ.

ಈಗ ಸಭಾಂಗಣಕ್ಕೆ ಬರೋಣ. ಒಂದು ಕಡೆ, ಹೆಸರು ಬೇಡ, ಸಂಜೆ ಆರಕ್ಕೆ ಕಛೇರಿ. ನಾವು ನಾಲ್ಕೂವರೆಗೇ ಹೋಗಿ ಬಾಗಿಲಲ್ಲಿ ಕುಳಿತೆವು. ಒಳಗೆ ಬೇರೆ ಕಾರ್ಯಕ್ರಮ ಮುಗಿದು ಬೀಗ ಹಾಕಿದ್ದರು. ಕೀಲಿ ತರುವವರು ಬಂದಾಗ ಆರಕ್ಕೆ ಕಾಲು ಗಂಟೆ ಬಾಕಿ. ಒಳಗೆ ಹೋದರೆ ಮುಚ್ಚಿಟ್ಟ ಕೋಣೆಯ ಧಗೆ. ಮೈಕ್ ಜೋಡಿಸುವವರು ಒಂದು ಕಡೆ, ಹೂವಿನ ಅಲಂಕಾರ ಇನ್ನೊಂದು ಕಡೆ. ಅಂಥ ಗದ್ದಲದ ಮಧ್ಯೆ ಶ್ರುತಿ ಮಾಡಿ ಮುಗಿಸಿದ್ದೇ ತಡ, ಎ.ಸಿ.ಯನ್ನು ಪೂರ್ತಿ ತಿರುಗಿಸಿದರು. ವೇದಿಕೆ ಮೇಲೆ ಮೃದಂಗದವರು ಕೂರುವ ಕಡೆಗೇ ಗಾಳಿಯ ಬಾಯಿ.

ವರ್ಣ, ಒಂದೆರಡು ಕೃತಿ ಹೇಗೋ ಆಯಿತು. ಕಷ್ಟ ಶುರುವಾದದ್ದು ಮುಖ್ಯ ರಾಗಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೇಳುಗರಿಗೆ ಇದು ಕಾಣಿಸುವುದೇ ಇಲ್ಲ. ಗಾಯಕರು ಕಾಂಭೋಜಿ ಎತ್ತಿಕೊಂಡು ಇಪ್ಪತ್ತು ನಿಮಿಷ ಹಾಡುತ್ತಾರೆ. ಆಮೇಲೆ ಪಿಟೀಲಿನವರು ನುಡಿಸುತ್ತಾರೆ. ಅಷ್ಟು ಹೊತ್ತೂ ಮೃದಂಗದವರಿಗೆ ಕೆಲಸ ಇಲ್ಲ, ವಾದ್ಯ ತೊಡೆ ಮೇಲೆ ಸುಮ್ಮನೆ ಇರುತ್ತದೆ. ನುಡಿಸುತ್ತಾ ಇದ್ದರೆ ಶ್ರುತಿ ಜಾರುವುದು ಕೈಗೇ ಗೊತ್ತಾಗುತ್ತದೆ, ಪಲ್ಲವಿ ಅನುಪಲ್ಲವಿ ಮಧ್ಯೆ ಎಲ್ಲೋ ಒಂದು ಏಟು ಕೊಟ್ಟು ಸರಿಮಾಡಬಹುದು. ಸುಮ್ಮನಿದ್ದಾಗ ಗೊತ್ತಾಗುವುದಿಲ್ಲ. ಆಲಾಪನೆಯ ಮಧ್ಯೆ ತಟ್ಟಿ ನೋಡುವ ಹಾಗೂ ಇಲ್ಲ, ಗಾಯಕರು ಎಳೆ ಎಳೆಯಾಗಿ ರಾಗ ಬಿಡಿಸುವಾಗ ಟಣ್ ಅನಿಸಿದರೆ ಅದಕ್ಕಿಂತ ಅಪಚಾರ ಬೇರೆ ಇಲ್ಲ. ಕೊನೆಗೆ ಕೃತಿ ಶುರುವಾಗುತ್ತದೆ. ತಾಳದ ಮೊದಲ ಆವರ್ತದಲ್ಲಿ ಕೈ ಇಟ್ಟರೆ ಶ್ರುತಿ ಎಲ್ಲೋ ಮೇಲೆ ಹೋಗಿ ಕುಳಿತಿರುತ್ತದೆ.

ಎಡಮುಚ್ಚಿಗೆ ಕಥೆಯೇ ಬೇರೆ. ಕಛೇರಿಗೆ ಮುಂಚೆ ಅದರ ಮಧ್ಯಕ್ಕೆ ರವೆ ಕಲಸಿ ಹಚ್ಚುತ್ತೇವೆ ಅಂತ ನಿಮಗೆ ಗೊತ್ತು. ರವೆಯ ಭಾರದಿಂದ ಆ ಗುಂಕಿ, ಅಂದರೆ ಗುಂಯ್ ಅನ್ನುವ ತಗ್ಗಿನ ನಾದ, ಬರುತ್ತದೆ, ಎಡಗೈ ನಾದ ತುಂಬಿಕೊಳ್ಳುತ್ತದೆ. ನೀರು ಎಷ್ಟು ಹಾಕಬೇಕು ಅನ್ನುವುದು ಊರಿನ ಮೇಲೆ. ಚೆನ್ನೈಯ ಹೊರಾಂಗಣ ಕಛೇರಿಗೆ ಮೈಸೂರಿನ ಹದದಲ್ಲಿ ಕಲಸಿದರೆ ಅರ್ಧ ಗಂಟೆಯಲ್ಲಿ ಅಂಚು ಸಡಿಲವಾಗಿ ಜಾರುತ್ತದೆ. ಅದೇ ಹದದಲ್ಲಿ ಎ.ಸಿ. ಒಳಗೆ ಕುಳಿತರೆ ಒಣಗಿ, ಅಂಚಿನಲ್ಲಿ ಬಿರುಕು ಬಿಟ್ಟು, ಗುಂಕಿ ಕೊಡುವಾಗ ಪುಡಿ ಉದುರುತ್ತದೆ. ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ನೀರು ಇಟ್ಟುಕೊಂಡು, ಬೆರಳ ತುದಿ ಅದ್ದಿ, ಎರಡು ಹಾಡಿನ ಮಧ್ಯೆ ರವೆಯ ಅಂಚನ್ನು ಸುತ್ತಲೂ ಸವರುತ್ತಾ ಬರಬೇಕು. ತೇವ ಮಧ್ಯಕ್ಕೆ ಹೋಗಬಾರದು, ಅಂಚಿಗೆ ಮಾತ್ರ. ಹಿರಿಯ ವಿದ್ವಾಂಸರು ಇದನ್ನು ಮಾಡುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿ. ಗಾಯಕರು ಮುಂದಿನ ಹಾಡು ಯಾವುದು ಅಂತ ಪಿಟೀಲಿನವರಿಗೆ ಹೇಳುವಷ್ಟರಲ್ಲಿ ಅವರ ಬೆರಳು ಒಂದು ಸುತ್ತು ಬಂದಿರುತ್ತದೆ.

ಇದರ ಜೊತೆಗೆ ವೇದಿಕೆಯ ದೀಪಗಳು. ದೀಪದ ಕಾವಿಗೆ ಚರ್ಮ ಒಣಗಿ ಮೃದಂಗ ಮೇಲೆ ಹೋಗುತ್ತದೆ. ಅದೇ ಕಾವಿಗೆ ಪಿಟೀಲಿನ ತಂತಿ ಹಿಗ್ಗಿ ಕೆಳಗೆ ಇಳಿಯುತ್ತದೆ. ತಂಬೂರ ಈಗ ಬಹುಪಾಲು ಎಲೆಕ್ಟ್ರಾನಿಕ್, ಅದು ಅಲ್ಲಾಡುವುದಿಲ್ಲ. ಘಟದವರು ಮಣ್ಣಿನ ಶ್ರುತಿ ಬದಲಿಸಲಾಗದೆ ಎರಡು ಮೂರು ಘಟ ತಂದಿರುತ್ತಾರೆ. ಹೀಗೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗುವ ವಾದ್ಯಗಳನ್ನು ಹಿಡಿದು ಎರಡೂವರೆ ಗಂಟೆ ಒಂದೇ ಷಡ್ಜದ ಮೇಲೆ ನಿಂತಿರುತ್ತಾರೆ. ಕಛೇರಿ ಚೆನ್ನಾಗಿ ಕೂಡಿಬಂತು ಅಂತ ನಾವು ಹೇಳುತ್ತೇವಲ್ಲ, ಅದರಲ್ಲಿ ಈ ದುಡಿಮೆಯೂ ಸೇರಿದೆ. ಅದಕ್ಕೆ ನನಗೆ ತುಂಬಾ ಗೌರವ.

ನಮ್ಮ ಊರಿನವರೇ ಆದ ಪಿಟೀಲು ಚೌಡಯ್ಯನವರನ್ನು ಇಲ್ಲಿ ನೆನೆಯಬೇಕು. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮದ್ರಾಸಿನ ವೇದಿಕೆಗಳಿಗೆ ಮತ್ತೆ ಮತ್ತೆ ಹೋಗಿ ನುಡಿಸಿದವರು. ಆಗ ಮೈಕ್ ಇರಲಿಲ್ಲ. ಜನ ಕಿಕ್ಕಿರಿದ ಸಭೆಯಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅದಕ್ಕೆ ಅವರು 4 ತಂತಿಯ ವಾದ್ಯಕ್ಕೆ ಇನ್ನೂ 3 ತಂತಿ ಸೇರಿಸಿ 7 ತಂತಿಯ ಪಿಟೀಲು ಮಾಡಿಕೊಂಡರು. ಆ ವಾದ್ಯದ ನಾದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಕಾಣುವುದು ತಂತಿ ಬಿಗಿಯುವ ಅದರ ಬಿರಡೆಗಳು. ತೇವಕ್ಕೆ ಮರ ಉಬ್ಬಿ ಬಿರಡೆ ಹಿಡಿದುಕೊಳ್ಳುತ್ತದೆ, ಒಣಗಿದರೆ ಜಾರುತ್ತದೆ. ನಾಲ್ಕು ಬಿರಡೆ ನೋಡಿಕೊಳ್ಳುವುದೇ ಕಷ್ಟವಾದ ಊರಿಗೆ ಆ ಮಹಾನುಭಾವರು ಏಳು ಬಿರಡೆ ತೆಗೆದುಕೊಂಡು ಹೋದರು, ಯಾಕೆಂದರೆ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳಿಸಬೇಕಿತ್ತು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಬಂತು.

ಚೆಂಬೈ ವೈದ್ಯನಾಥ ಭಾಗವತರು ಹಾಡುವಾಗ ಚೌಡಯ್ಯನವರು ಪಿಟೀಲಿಗೆ, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗಕ್ಕೆ ಕುಳಿತ ಕಛೇರಿಗಳ ಹೆಸರು ಇವತ್ತಿಗೂ ಇದೆ. ಆ ಮಣಿ ಅಯ್ಯರ್ ಮುಂದೆ ಮೈಕ್ ಎಲ್ಲ ಕಡೆ ಬಂದ ಮೇಲೆ, ಮೈಕ್ ಇಟ್ಟರೆ ತಾನು ನುಡಿಸುವುದಿಲ್ಲ ಅಂದುಬಿಟ್ಟರು. ಮೃದಂಗದ ನಿಜವಾದ ನಾದ ಅದರಲ್ಲಿ ಹೋಗುವುದಿಲ್ಲ ಅನ್ನುವುದು ಅವರ ನಿಲುವು. ಅದರಿಂದ ಅವರ ಕಛೇರಿಗಳು ಕಡಿಮೆಯಾದವು, ಆದರೂ ಬಿಟ್ಟುಕೊಡಲಿಲ್ಲ. ಅಷ್ಟು ದೊಡ್ಡ ಷರತ್ತು ಹಾಕುವ ಶಕ್ತಿ ನಮ್ಮಂಥವರಿಗೆ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ವಾದ್ಯದ ಪರವಾಗಿ ಮಾತಾಡುವುದು ಅಹಂಕಾರ ಅಲ್ಲ ಅಂತ ಅವರಿಂದ ಕಲಿಯಬಹುದು. ನಮ್ಮ ಹುಡುಗರು ಸಭಾದವರ ಮುಂದೆ ಬಾಯಿ ಬಿಡುವುದಿಲ್ಲ. ಅವಕಾಶ ಕೊಟ್ಟಿದ್ದಾರಲ್ಲ, ಇನ್ನೇನು ಕೇಳುವುದು ಅಂತ ಸಂಕೋಚ. ಎ.ಸಿ. ಸ್ವಲ್ಪ ಬೇಗ ಹಾಕಿ, ಗಾಳಿಯ ಬಾಯಿ ಆಚೆ ತಿರುಗಿಸಿ ಅಂತ ಕೇಳಲು ಸಂಕೋಚ ಯಾಕೆ?

ವಾದ್ಯದ ಹಾಗೆ ಮೈಯನ್ನೂ ನೋಡಿಕೊಳ್ಳಬೇಕು. ಇದಕ್ಕೆ ಮುಂಬೈಯಲ್ಲಿ ನಡೆದ ಒಂದು ಪ್ರಸಂಗ ಇದೆ, ನಮ್ಮ ನಾಡಿಗೂ ಸೇರಿದ್ದು. 1952ರಲ್ಲಿ ಜಗತ್ತಿನ ದೊಡ್ಡ ಪಿಟೀಲು ವಾದಕ ಯೆಹೂದಿ ಮೆನುಹಿನ್ ನೆಹರೂ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದಿದ್ದರು. ಊರೂರು ಸುತ್ತಿ ಕಛೇರಿ. ದಣಿವು, ನಿದ್ದೆ ಸರಿಯಿಲ್ಲ. ಮುಂಬೈಯಲ್ಲಿ ಅವರನ್ನು ನೋಡಲು ಬಿ.ಕೆ.ಎಸ್. ಅಯ್ಯಂಗಾರ್ ಹೋದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಯೋಗಗುರು. ಐದು ನಿಮಿಷ ಮಾತ್ರ ಕೊಡಬಲ್ಲೆ ಅಂದರಂತೆ ಮೆನುಹಿನ್. ಅಯ್ಯಂಗಾರರು ಅವರನ್ನು ಮಲಗಿಸಿದರು, ಅವರು ಹಾಗೇ ನಿದ್ದೆ ಹೋದರು. ಐದು ನಿಮಿಷದ ಭೇಟಿ ಗಂಟೆಗಳಿಗೆ ಹೋಯಿತು. ಆಮೇಲೆ ಮೆನುಹಿನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು, ತನ್ನ ಅತ್ಯುತ್ತಮ ಪಿಟೀಲು ಗುರು ಅಂತ ಕೆತ್ತಿಸಿದ ಕೈಗಡಿಯಾರ ಕೊಟ್ಟರು. ಅಷ್ಟು ದೊಡ್ಡ ಕಲಾವಿದರಿಗೂ ಆ ಪ್ರವಾಸದಲ್ಲಿ ಮೊದಲು ಬೇಕಾಗಿದ್ದದ್ದು ಮಲಗಲು ಸ್ವಲ್ಪ ಹೊತ್ತು. ನೀವೂ ಚೆನ್ನೈಗೆ ಹೋದ ದಿನ ಮಧ್ಯಾಹ್ನ ಟಿ. ನಗರದ ಅಂಗಡಿ ಸುತ್ತಲು ಹೊರಡಬೇಡಿ. ರಂಗನಾಥನ್ ಬೀದಿಯ ನೂಕುನುಗ್ಗಲಲ್ಲಿ ಒಂದು ಸುತ್ತು ಬಂದರೆ ಸಂಜೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಊಟ ಮಿತವಾಗಿರಲಿ, ಮಜ್ಜಿಗೆ ಜಾಸ್ತಿ ಇರಲಿ, ಒಂದು ಗಂಟೆ ಮಲಗಿ. ಊಟಕ್ಕೆ ಆ ಊರಿನಲ್ಲಿ ನಮ್ಮವರಿಗೆ ತೊಂದರೆ ಇಲ್ಲ, ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು.

ಬಿಡುವಿದ್ದರೆ ಅಂಗಡಿ ಬೀದಿಗೆ ಬದಲು ಮೃದಂಗ ಮಾಡುವವರ ಹತ್ತಿರ ಹೋಗಿ. ಕರಣೆ ಹಾಕುವುದನ್ನು ಕುಳಿತು ನೋಡಿ. ಅನ್ನ ಮತ್ತು ಕಪ್ಪು ಕಲ್ಲಿನ ಪುಡಿ ಅರೆದು ಒಂದು ಎಳೆ ಹಚ್ಚುತ್ತಾರೆ, ನುಣುಪು ಕಲ್ಲಿನಿಂದ ಉಜ್ಜುತ್ತಾರೆ, ಉಜ್ಜುತ್ತಾ ಉಜ್ಜುತ್ತಾ ಅದು ಒಣಗಿ ಹೊಳಪು ಬರುತ್ತದೆ, ಅದರ ಮೇಲೆ ಇನ್ನೊಂದು ಎಳೆ, ಮತ್ತೆ ಉಜ್ಜುವುದು. ಹೀಗೆ ಪದರ ಪದರವಾಗಿ ಏರಿಸುತ್ತಾ ಹೋಗುತ್ತಾರೆ. ಒಂದು ಪದರ ಹಸಿಯಿದ್ದಾಗ ಇನ್ನೊಂದು ಹಾಕಿದರೆ ಎಲ್ಲ ಎದ್ದುಬರುತ್ತದೆ. ತೇವದ ದಿನ ಹೊತ್ತು ಹಿಡಿಯುತ್ತದೆ, ಒಣ ಬಿಸಿಲಿನ ದಿನ ಬೇಗ ಆಗುತ್ತದೆ, ಅವರ ಕೈಗೆ ಆ ಲೆಕ್ಕ ಗೊತ್ತು. ಒಳಗೆ ಫ್ಯಾನ್ ಇದ್ದರೂ ಹಾಕದೆ ಬೆವರು ಸುರಿಸುತ್ತಾ ಕುಳಿತಿರುತ್ತಾರೆ, ಪುಡಿ ಹಾರಬಾರದು ಅಂತ. ಮುಚ್ಚಿಗೆಯ ಪದರದ ಮಧ್ಯೆ ಕುಚ್ಚಿ (ಸಣ್ಣ ಕಡ್ಡಿ) ಸೇರಿಸಬೇಕಾ, ಕಪ್ಪಿ (ಕಲ್ಲಿನ ಚೂರು) ಹಾಕಬೇಕಾ ಅಂತ ನೀವು ನುಡಿಸುವ ರೀತಿ ಕೇಳಿ ಹೇಳುತ್ತಾರೆ. ಮೈಸೂರಿನಿಂದ ಬಂದಿದ್ದೇನೆ ಅಂದರೆ ಅದಕ್ಕೆ ತಕ್ಕಂತೆ ಬಾರು ಎಳೆದು ಕೊಡುತ್ತಾರೆ. ಇವರ ಹೆಸರು ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ. ಇರಬೇಕು ಅಂತ ನನ್ನ ಆಸೆ. ಕಡೇ ಪಕ್ಷ ವೇದಿಕೆಯಲ್ಲಿ ಕುಳಿತು ಅವರ ಹೆಸರು ಹೇಳುವ ಅಭ್ಯಾಸವನ್ನು ನೀವಾದರೂ ಶುರುಮಾಡಿ.

ಇಲ್ಲಿ ಕಛೇರಿ ನಡೆಸುವವರು ಬಹಳ ಜನ ಕುಳಿತಿದ್ದೀರಿ. ಚೆನ್ನೈಯವರನ್ನು ನಾವು ದೂರುವುದು ಸುಲಭ. ಅಲ್ಲಿನವರು ನಮ್ಮ ಊರಿಗೆ ಬಂದಾಗ ನಾವೇನು ಮಾಡುತ್ತೇವೆ? ಕಡಲ ತೇವದಲ್ಲಿ ಇದ್ದ ಮೃದಂಗ ಬೆಂಗಳೂರಿಗೋ ಮೈಸೂರಿಗೋ ಬಂದರೆ ಇಲ್ಲಿನ ಒಣ ಗಾಳಿಗೆ ಬಿಗಿದುಕೊಳ್ಳುತ್ತದೆ. ರಾಮನವಮಿ ಹೊತ್ತಿನಲ್ಲಿ ಚಪ್ಪರದ ಕೆಳಗೆ, ಬಿಸಿಲು ಇಳಿಯುವ ಮುಂಚೆಯೇ ಕೂರಿಸಿಬಿಡುತ್ತೇವೆ. ಮುಖ್ಯ ಕಲಾವಿದರಿಗೆ ಹೋಟೆಲ್, ಕಾರು ಎಲ್ಲ ಇರುತ್ತದೆ. ಪಕ್ಕವಾದ್ಯದವರನ್ನು ಬಸ್ ಸ್ಟ್ಯಾಂಡಿನಿಂದ ನೇರ ವೇದಿಕೆಗೆ ಕರೆತಂದದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಎಲ್ಲರಿಗೂ ಒಂದು ಕೋಣೆ ಕೊಡಿ. ಸಭಾಂಗಣದ ಬಾಗಿಲನ್ನು ಕಛೇರಿಗೆ ಒಂದೂವರೆ ಗಂಟೆ ಮುಂಚೆ ತೆಗೆಸಿ. ಎ.ಸಿ. ಹಾಕುವುದಾದರೆ ಆಗಲೇ ಹಾಕಿ, ಕಛೇರಿ ಮುಗಿಯುವವರೆಗೆ ಅದನ್ನು ಏರಿಸಬೇಡಿ, ಇಳಿಸಬೇಡಿ. ಕೇಳುಗರೊಬ್ಬರು ಚಳಿ ಅಂದರೆ ನಿಲ್ಲಿಸುವುದು, ಇನ್ನೊಬ್ಬರು ಸೆಕೆ ಅಂದರೆ ಹಾಕುವುದು ಮಾಡಿದರೆ ವೇದಿಕೆ ಮೇಲಿನವರು ಎಲ್ಲಿಗೆ ಹೋಗಬೇಕು? ವೇದಿಕೆಯ ದೀಪವನ್ನೂ ಮೊದಲೇ ಹಾಕಿಬಿಡಿ. ಇದಕ್ಕೆ ದುಡ್ಡು ಜಾಸ್ತಿ ಆಗುವುದಿಲ್ಲ.

ಕೇಳುಗರಿಗೂ ಒಂದು ಕೋರಿಕೆ. ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕಾಫಿಗೆ ಹೋಗುವ ಪದ್ಧತಿ ಚೆನ್ನೈಯಲ್ಲೂ ಇದೆ, ನಮ್ಮಲ್ಲೂ ಇದೆ. ಎರಡು ಗಂಟೆ ಬೇರೆಯವರ ಹಾಡಿಗೆ ನುಡಿಸಿ, ಜಾರುವ ಶ್ರುತಿಯನ್ನು ಹಿಡಿದಿಟ್ಟುಕೊಂಡು ಬಂದವರಿಗೆ ಸಿಗುವುದು ಆ ಹತ್ತು ಹನ್ನೆರಡು ನಿಮಿಷ. ಸಾಲು ಸಾಲು ಜನ ಬೆನ್ನು ತಿರುಗಿಸಿ ಹೋಗುವುದು ವೇದಿಕೆಯಿಂದ ಚೆನ್ನಾಗಿ ಕಾಣುತ್ತದೆ, ನೋವಾಗುತ್ತದೆ. ಕೂತು ಕೇಳಿ.

ಮಾತು ಮುಗಿದ ಮೇಲೆ ಹುಡುಗರು ಕೆಲವು ಪ್ರಶ್ನೆ ಕೇಳಿದರು, ಎರಡನ್ನು ಇಲ್ಲಿ ಸೇರಿಸಿದ್ದೇನೆ.

ನಟ್ಟು ಬೋಲ್ಟ್ ಹಾಕಿದ ಮೃದಂಗ ಬಂದಿದೆಯಲ್ಲ, ಅದನ್ನೇ ತೆಗೆದುಕೊಂಡು ಹೋದರೆ ಈ ಕಷ್ಟ ತಪ್ಪುತ್ತದಾ ಅಂತ ಒಬ್ಬ ಹುಡುಗ ಕೇಳಿದ. ಶ್ರುತಿ ಮಾಡುವುದು ಬೇಗ ಆಗುತ್ತದೆ, ಅದು ನಿಜ. ಆದರೆ ಮುಚ್ಚಿಗೆ ಚರ್ಮದ್ದೇ ಆದರೆ ತೇವ ಕುಡಿಯುವುದು ತಪ್ಪುವುದಿಲ್ಲ. ಪ್ರಯಾಣ ಜಾಸ್ತಿ ಇರುವವರು ಇಟ್ಟುಕೊಳ್ಳಲಿ, ನನ್ನ ಅಡ್ಡಿ ಇಲ್ಲ. ಕಲ್ಲಿನಲ್ಲಿ ಶ್ರುತಿ ಮಾಡುವುದನ್ನು ಮಾತ್ರ ಮೊದಲು ಕಲಿಯಿರಿ.

ಗಂಡು ಶ್ರುತಿಗೆ ಒಂದು, ಹೆಣ್ಣು ಶ್ರುತಿಗೆ ಒಂದು, ಎರಡನ್ನೂ ಒಯ್ಯಬೇಕಾ ಅಂತ ಇನ್ನೊಬ್ಬಳು ಕೇಳಿದಳು. ಯಾರಿಗೆ ನುಡಿಸುವುದು ಅಂತ ಗೊತ್ತಿದ್ದರೂ, ಬೇಸಿಗೆಯಲ್ಲಿ ಅದೇ ಶ್ರುತಿಯ ಎರಡು ಮೃದಂಗ ಒಯ್ಯಿರಿ. ಒಂದನ್ನು ಬೇಕಾದ ಶ್ರುತಿಗೆ ಸರಿಯಾಗಿ ಕೂರಿಸಿ, ಇನ್ನೊಂದನ್ನು ಸ್ವಲ್ಪ ಇಳಿಸಿ ವೇದಿಕೆಯ ಹಿಂದೆ ಚೀಲ ಬಿಚ್ಚಿ ಇಟ್ಟುಕೊಳ್ಳಿ. ಮೊದಲನೆಯದು ಎ.ಸಿ.ಗೆ ಏರಿ ಕೈತಪ್ಪಿದರೆ ಇಳಿಸಿಟ್ಟದ್ದು ಆ ಹೊತ್ತಿಗೆ ಸರಿಯಾಗಿ ಸಾಲಿಗೆ ಬಂದಿರುತ್ತದೆ. ಎತ್ತಿಕೊಂಡು ನುಡಿಸಿ.